ಸಾಕಣೆಯಲ್ಲಿ ಇಷ್ಟೊಂದಿರುವಾಗ ತಂದು ಬಿಟ್ಟರಾಗದೇ? ಡೆವಿಲ್ ಮತ್ತು ಆಕ್ಸೊಲಾಟ್ಲ್

ಪ್ರಶ್ನೆ: ಟಾಸ್ಮೇನಿಯನ್ ಡೆವಿಲ್ ಹೊಟ್ಟೆಚೀಲದ ಸಸ್ತನಿ, ಮೆಕ್ಸಿಕೊದ ಆಕ್ಸೊಲಾಟ್ಲ್ ಸಾಲಮ್ಯಾಂಡರ್, ಅಂದರೆ ಬಾಲವಿರುವ ಉಭಯಚರ. ಎರಡೂ ಅಳಿವಿನ ಅಪಾಯವಿರುವ ಜೀವಿಗಳಾಗಿ ಐಯುಸಿಎನ್ ಕೆಂಪು ಪಟ್ಟಿಯಲ್ಲಿವೆ, ಎರಡನ್ನೂ ಸಾಕಿ ಮರಿ ಮಾಡಿಸುತ್ತಾರೆ. ಅವನ್ನೇ ಒಯ್ದು ಬಿಟ್ಟರೆ ಸಾಲದೇ ಸರ್?

ಉತ್ತರ: ಸಾಲದು. ಎರಡೂ ಕಡಿಮೆಯಾಗಿದ್ದು ಬೇರೆ ಬೇರೆ ಕಾರಣಕ್ಕೆ.

ಡೆವಿಲ್ 'ಅಳಿವಿನಂಚಿನಲ್ಲಿರುವ' ವರ್ಗದಲ್ಲಿದೆ. 1996ರಲ್ಲಿ ಮೊದಲು ಕಂಡ ಮುಖದ ಗೆಡ್ಡೆ ರೋಗವೇ ಕಾರಣ. ಇದು ವೈರಸ್ಸಿನಿಂದ ಬರುವುದಲ್ಲ. ಜೀವಂತ ಕ್ಯಾನ್ಸರ್ ಕೋಶವೇ ಕಚ್ಚಿದ ಗಾಯದ ಮೂಲಕ ಇನ್ನೊಂದರ ಮೈಗೆ ದಾಟುತ್ತದೆ. ಆ ಕೋಶಗಳು ತಮ್ಮ ಗುರುತಿನ ಪ್ರೋಟೀನುಗಳನ್ನು ಅಡಗಿಸಿಕೊಳ್ಳುವುದರಿಂದ ದೇಹಕ್ಕೆ ಪರಕೀಯವೆಂದು ತಿಳಿಯುವುದಿಲ್ಲ. ಗೆಡ್ಡೆ ಬಾಯಿ ತುಂಬಿದರೆ ಡೆವಿಲ್ ತಿನ್ನಲಾಗದೆ ಸಾಯುತ್ತದೆ. ರೋಗವಿರುವ ಕಾಡಿಗೆ ಆರೋಗ್ಯವಂತ ಡೆವಿಲ್ ಬಿಟ್ಟರೆ ಅದಕ್ಕೂ ತಗಲುತ್ತದೆ. ಮರಿಗಳಿಗೂ ಮಿತಿಯುಂಟು: ಅಕ್ಕಿಕಾಳಿನಷ್ಟಿರುವ ಇಪ್ಪತ್ತಕ್ಕೂ ಹೆಚ್ಚು ಮರಿ ಹುಟ್ಟಿದರೂ ಚೀಲದಲ್ಲಿರುವುದು ನಾಲ್ಕೇ ಮೊಲೆತೊಟ್ಟು. ತೊಟ್ಟು ಸಿಗದ ಮರಿ ಉಳಿಯದು.

2012ರಲ್ಲಿ ಟಾಸ್ಮೇನಿಯಾದ ರೋಗವಿಲ್ಲದ ಮರಾಯಾ ದ್ವೀಪಕ್ಕೆ ಬಿಟ್ಟರು. ಡೆವಿಲ್ ಹೆಚ್ಚಿದವು, ಆದರೆ ಅಲ್ಲಿನ ಪುಟ್ಟ ಪೆಂಗ್ವಿನ್‌ಗಳ ಸಂತತಿ ಅಳಿಸಿಹೋಯಿತು. ಜಾಗ ಆರಿಸುವಾಗ ಅಲ್ಲಿ ಮೊದಲಿನಿಂದ ಇರುವವರನ್ನೂ ನೋಡಲೇಬೇಕು.

ಆಕ್ಸೊಲಾಟ್ಲ್ 'ತೀವ್ರ ಅಳಿವಿನಂಚಿನಲ್ಲಿರುವ' ವರ್ಗದ್ದು. ಮೊಟ್ಟೆಗೆ ಬರವಿಲ್ಲ, ಒಮ್ಮೆಗೆ ನೂರಾರು ಇಡುತ್ತದೆ. ಬರವಿರುವುದು ನೀರಿಗೆ. ನಿಸರ್ಗದಲ್ಲಿ ಅದಕ್ಕೆ ಉಳಿದಿರುವುದು ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳು ಮಾತ್ರ. 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6000 ಇದ್ದದ್ದು 2014ಕ್ಕೆ 36ಕ್ಕೆ ಇಳಿಯಿತು. ಕೊಳಚೆ ಒಂದು ಕಡೆ, ತಂದು ಬಿಟ್ಟ ಕಾರ್ಪ್ ಮತ್ತು ತಿಲಾಪಿಯಾ ಮೀನು ಇನ್ನೊಂದು ಕಡೆ. ಮೊಟ್ಟೆ, ಮರಿ ಎರಡನ್ನೂ ಅವು ತಿನ್ನುತ್ತವೆ. ಪ್ರಯೋಗಾಲಯದ ತಳಿಯನ್ನು ಬಿಡುವುದಂತೂ ಬೇಡ. ಅದಕ್ಕೆ 1962ರಲ್ಲಿ ಟೈಗರ್ ಸಾಲಮ್ಯಾಂಡರ್ ಎಂಬ ಬೇರೆ ಜಾತಿಯ ರಕ್ತ ಬೆರೆತಿದೆ.

ಪ್ರಶ್ನೆ: ನೀರು ಕೆಟ್ಟರೆ ಬೇರೆ ಸಾಲಮ್ಯಾಂಡರುಗಳ ಹಾಗೆ ನೆಲಕ್ಕೆ ಹತ್ತಬಹುದಲ್ಲ?

ಉತ್ತರ: ಅದೇ ಅದರ ಕಷ್ಟ. ನೆಲದ ಬದುಕಿಗೆ ಮೈ ಬದಲಾಗುವ ರೂಪಾಂತರಕ್ಕೆ ಬೇಕಾದಷ್ಟು ಥೈರಾಯ್ಡ್ ಹಾರ್ಮೋನು ಏರುವುದೇ ಇಲ್ಲ. ತಲೆಯ ಎರಡೂ ಬದಿ ಮೂರು ಮೂರು ಗರಿಯಂಥ ಕಿವಿರು ಹೊತ್ತುಕೊಂಡೇ ಪ್ರಾಯಕ್ಕೆ ಬಂದು, ನೀರಲ್ಲೇ ಮೊಟ್ಟೆಯಿಟ್ಟು, ನೀರಲ್ಲೇ ಸಾಯುತ್ತದೆ. ಕಾಲು ತುಂಡಾದರೆ ಹೊಸದು ಬೆಳೆಸಿಕೊಳ್ಳಬಲ್ಲದು, ಕೆಟ್ಟ ನೀರು ಬಿಟ್ಟು ಏಳಲಾರದು.

ಹಾಗಾಗಿ ಮೊದಲು ನೀರಿನ ಕೆಲಸ. ಚಿನಾಂಪಾ ಎಂಬ ತೇವದ ಹೊಲಗಳ ನಡುವಿನ ಸಣ್ಣ ಕಾಲುವೆಗಳ ಬಾಯಿಗೆ ಕಲ್ಲು, ಜಲಸಸ್ಯಗಳ ಸೋಸುತಡೆ ಕಟ್ಟುತ್ತಾರೆ. ನೀರು ತಿಳಿಯಾಗಿ ಒಳಬರುತ್ತದೆ, ಮೀನು ಹೊರಗುಳಿಯುತ್ತದೆ. ಹೀಗೆ ಸರಿಪಡಿಸಿದ ತಾಣ ಮತ್ತು ಕೃತಕ ಕೊಳದಲ್ಲಿ ಸಾಕಿದ 18ನ್ನು ಟ್ರಾನ್ಸ್‌ಮಿಟರ್ ಹಾಕಿ ಬಿಟ್ಟಾಗ, ನಿಗಾ ಇಟ್ಟಷ್ಟೂ ದಿನ ಎಲ್ಲವೂ ಬದುಕಿದ್ದವು. ಮತ್ತೆ ಹಿಡಿದವುಗಳ ತೂಕವೂ ಏರಿತ್ತು.