ಮನೆಯ ಕಾಫಿಪುಡಿ ಮಾರಾಟಕ್ಕೆ ಸಾಮಾಜಿಕ ಜಾಲತಾಣ: ಆರಂಭ ಎಲ್ಲಿಂದ?

ಪ್ರಶ್ನೆ (ಮೂಡಿಗೆರೆ):
ನಮ್ಮ ಸಣ್ಣ ತೋಟದ ಕಾಫಿಯನ್ನು ಮನೆಯಲ್ಲೇ ಹುರಿದು, ಪುಡಿ ಮಾಡಿ, ಪರಿಚಿತರಿಗೆ ಮಾರುತ್ತಿದ್ದೇವೆ. ಸಾಮಾಜಿಕ ಜಾಲತಾಣಗಳನ್ನು ಇದುವರೆಗೆ ಬಳಸಿಲ್ಲ. ಯಾವುದರಿಂದ ಆರಂಭಿಸುವುದು ಸೂಕ್ತವೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಚಿಕ್ಕಮಗಳೂರು):
ಎಲ್ಲ ಕಡೆ ಒಮ್ಮೆಗೇ ಖಾತೆ ತೆರೆಯಬೇಡಿ. ನಿಮ್ಮ ಈಗಿನ ಗ್ರಾಹಕರು ಬಹುಶಃ ವಾಟ್ಸ್‌ಆಪ್‌ನಲ್ಲೇ ಇರುವುದರಿಂದ, 2018ರಲ್ಲಿ ಸಣ್ಣ ವ್ಯಾಪಾರಿಗಳಿಗಾಗಿ ಬಂದ ಉಚಿತ ಆಪ್ ವಾಟ್ಸ್‌ಆಪ್ ಬಿಸಿನೆಸ್‌ನಲ್ಲಿ ಪುಡಿಯ ಚಿತ್ರ, ದರಗಳನ್ನು ಮೊದಲು ಹಾಕಿ. ಆಮೇಲೆ ಇನ್‌ಸ್ಟಾಗ್ರಾಮ್‌ನಲ್ಲಿ ಪ್ರೊಫೆಷನಲ್ ಖಾತೆ ತೆರೆದರೆ, ಯಾವ ಚಿತ್ರವನ್ನು ಎಷ್ಟು ಜನ ನೋಡಿದರೆಂಬುದು ತಿಳಿಯುತ್ತದೆ. ಹೂಮಳೆಯ ನಂತರ ಕಾಫಿ ಹೂವರಳಿ ತೋಟವೆಲ್ಲ ಬೆಳ್ಳಗಾಗುವುದು, ಕಣದಲ್ಲಿ ಹಣ್ಣು ಒಣಗುವುದು, ಬೀಜ ಹುರಿಯುವ ಹದ, ಇವೆಲ್ಲ ನಮಗೆ ಮಾಮೂಲಾದರೂ ಬೆಂಗಳೂರಿನವರಿಗೆ ಕುತೂಹಲದ ಸಂಗತಿಗಳೇ. ಶುಭೋದಯದ ಚಿತ್ರಗಳನ್ನು ಮಾತ್ರ ದಯವಿಟ್ಟು ಹಾಕಬೇಡಿ.

ಉತ್ತರ (ಸಕಲೇಶಪುರ):
ಪರಿಚಯವಿಲ್ಲದವರಿಗೆ ಮಾರುವ ಮೊದಲು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಕೊಳ್ಳಿ. ಚಿಕೋರಿ ಬೆರೆಸುವುದಾದರೆ ಕಾಫಿಯ ಪ್ರಮಾಣ ಶೇ 51ಕ್ಕಿಂತ ಕಡಿಮೆಯಾಗುವಂತಿಲ್ಲ. ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು.

ಉತ್ತರ (ಹಾಸನ):
ಖಾತೆ ತೆರೆದ ದಿನವೇ ಎರಡು ಹಂತದ ದೃಢೀಕರಣವನ್ನು (ಖಾತೆಗೆ ಪ್ರವೇಶಿಸುವಾಗ ಇನ್ನೊಂದು ಗುಪ್ತಸಂಖ್ಯೆಯನ್ನೂ ಕೇಳುವ ವ್ಯವಸ್ಥೆ) ಚಾಲೂ ಮಾಡಿ. ಹಣ ಕಳುಹಿಸುವುದಾಗಿ ಹೇಳಿ ಯುಪಿಐ ಪಿನ್ ಒತ್ತಲು ತಿಳಿಸುವವರನ್ನು ನಂಬಬೇಡಿ, ಏಕೆಂದರೆ ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ. ವಂಚನೆಯಿಂದ ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.