ಧರ್ಮ ಇಲ್ಲದಿದ್ದರೆ ಯುದ್ಧಾನೇ ಇರ್ತಿರಲಿಲ್ವಾ? ರಕ್ಕಸತಂಗಡಿ ಬಗ್ಗೆ ತಿಳಿದವರು ಹೇಳಿ

ಶೈಲಾ, ಬಾಗಲಕೋಟೆ:

ಎಲ್ಲರಿಗೂ ನಮಸ್ಕಾರ. ಮೊನ್ನೆ ರಜೆಯಲ್ಲಿ ಅಕ್ಕನ ಮಗನನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆ. ಹುಡುಗ ಪಿಯುಸಿ ಓದುತ್ತಿದ್ದಾನೆ, ಪ್ರಶ್ನೆ ಜಾಸ್ತಿ. ಉಗ್ರನರಸಿಂಹನ ಮುರಿದ ಕೈ ನೋಡುತ್ತಾ ನಿಂತವನು, "ಚಿಕ್ಕಮ್ಮ, ಧರ್ಮ ಅನ್ನೋದೇ ಇಲ್ಲದಿದ್ದರೆ ಇದೆಲ್ಲ ಆಗ್ತಿರಲಿಲ್ಲ ಅಲ್ವಾ?" ಅಂದ. ಜೊತೆಗಿದ್ದ ಗೈಡ್ ಕೂಡ, "1565ರಲ್ಲಿ ಐವರು ಸುಲ್ತಾನರು ಒಟ್ಟಾಗಿ ಹಿಂದೂ ಸಾಮ್ರಾಜ್ಯ ಮುಗಿಸಿದರು" ಅಂತ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋದರು.

ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೂ ಅವನು ಬಿಟ್ಟಿಲ್ಲ. ಜಗತ್ತಿನ ಯುದ್ಧಗಳಿಗೆಲ್ಲ ಧರ್ಮವೇ ಮೂಲ ಅನ್ನುತ್ತಾನೆ. ನಾನು ದಿನಾ ದೇವರಿಗೆ ಕೈ ಮುಗಿಯುವವಳು, ಆ ಮಾತು ಕೇಳಿದರೆ ಮನಸ್ಸಿಗೆ ಕಷ್ಟವಾಗುತ್ತದೆ. ಹಾಗಂತ ಸುಳ್ಳು ಹೇಳಿ ಅವನ ಬಾಯಿ ಮುಚ್ಚಿಸುವುದೂ ಬೇಡ. ಗೈಡ್ ಹೇಳಿದ ಆ 1565ರ ರಕ್ಕಸತಂಗಡಿ (ತಾಳಿಕೋಟೆ) ಯುದ್ಧ ನಿಜವಾಗಿ ಯಾತಕ್ಕೆ ಆಯಿತು?

ಎಡೆದೊರೆ ಮೇಷ್ಟ್ರು:

ಶೈಲಾ ಅವರೇ, ನಾನು ಲಿಂಗಸುಗೂರು ಕಡೆಯವನು. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಈ ಪ್ರಶ್ನೆ ನಮ್ಮ ನೆಲದ್ದೇ ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಒಂದು ತಿದ್ದುಪಡಿ. ಬಂದವರು ಐವರಲ್ಲ, ನಾಲ್ವರು. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರ. ಬೇರಾರಿನವರು ಬರಲೇ ಇಲ್ಲ. ಧರ್ಮಕ್ಕಾಗಿ ಕೂಡಿದ ಯುದ್ಧವಾಗಿದ್ದರೆ ಅವರೂ ಬರಬೇಕಿತ್ತಲ್ಲ?

ಇನ್ನು ಬಂದ ನಾಲ್ವರನ್ನು ನೋಡಿ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಪಟ್ಟಕ್ಕೆ ಬರುವ ಮೊದಲು ಅಣ್ಣನಿಗೆ ಹೆದರಿ ವಿಜಯನಗರಕ್ಕೆ ಓಡಿಬಂದವನು. ಆಗ ವಿಜಯನಗರದ ಆಡಳಿತ ಕೈಯಲ್ಲಿ ಹಿಡಿದಿದ್ದ ರಾಮರಾಯನ ಆಶ್ರಯದಲ್ಲೇ ವರ್ಷಗಟ್ಟಲೆ ಇದ್ದ, ತೆಲುಗು ಕಾವ್ಯದ ರುಚಿ ಹತ್ತಿಸಿಕೊಂಡಿದ್ದ. ಬಿಜಾಪುರದ ಅಲಿ ಆದಿಲ್ ಷಾ, ರಾಮರಾಯನ ಮಗ ತೀರಿಕೊಂಡಾಗ ತಾನೇ ವಿಜಯನಗರಕ್ಕೆ ಬಂದು ದುಃಖ ಹಂಚಿಕೊಂಡವನು. ಆಮೇಲೆ ಇಬ್ಬರೂ ಸೇರಿ ಅಹಮದನಗರದ ಮೇಲೆ ದಂಡೆತ್ತಿ ಹೋದರು. ಒಬ್ಬ ಸುಲ್ತಾನನೂ ವಿಜಯನಗರದ ಯಜಮಾನನೂ ಕೂಡಿ ಇನ್ನೊಬ್ಬ ಸುಲ್ತಾನನ ನಾಡು ಸುಟ್ಟರು. ಇದಾಗಿ ಹತ್ತು ವರ್ಷದೊಳಗೇ ರಕ್ಕಸತಂಗಡಿ.

ಹಾಗಾದರೆ ಕೂಡಿದ್ದು ಯಾಕೆ? ರಾಮರಾಯನ ರಾಜಕಾರಣ ಅವರಿಗೆ ಸಹಿಸಲಾರದಷ್ಟು ಬೆಳೆದಿತ್ತು. ಒಮ್ಮೆ ಇವನ ಪಕ್ಷ, ಒಮ್ಮೆ ಅವನ ಪಕ್ಷ ಹಿಡಿದು, ಪ್ರತಿ ಸಲವೂ ಒಂದು ಕೋಟೆಯನ್ನೋ ಸೀಮೆಯನ್ನೋ ಕಸಿದುಕೊಳ್ಳುತ್ತಿದ್ದ. ಇವರನ್ನು ಒಂದುಗೂಡಿಸಿದ್ದು ಆ ಭಯ. ಗಂಟು ಬಿಗಿದದ್ದು ಮದುವೆ. ಅಹಮದನಗರದ ಹುಸೇನ್ ನಿಜಾಮ್ ಷಾ ತನ್ನ ಮಗಳು ಚಾಂದ್ ಬೀಬಿಯನ್ನು ಅಲಿ ಆದಿಲ್ ಷಾನಿಗೆ ಕೊಟ್ಟ. ಬಳುವಳಿಯಾಗಿ ಸೊಲ್ಲಾಪುರ ಕೋಟೆ. ಆ ಕೋಟೆಗಾಗಿ ಈ ಎರಡೂ ಮನೆತನಗಳು ಅದಕ್ಕೆ ಮೊದಲು ಎಷ್ಟು ರಕ್ತ ಹರಿಸಿದ್ದವು ಅನ್ನೋದನ್ನು ನಿಮ್ಮ ಹುಡುಗನಿಗೆ ಹೇಳಿ.

ಎಲ್ಲಕ್ಕಿಂತ ದೊಡ್ಡ ಕಾರಣ ನಮ್ಮ ಎಡೆದೊರೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಎರೆಭೂಮಿ. ಜೋಳ, ಹತ್ತಿ ಬೆಳೆಯುವ ನೆಲ, ಹಟ್ಟಿಯ ಚಿನ್ನ, ಮುದಗಲ್ಲು ಮತ್ತು ರಾಯಚೂರಿನ ಕೋಟೆಗಳು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗಿನಿಂದ ಇದು ಜಗಳದ ಹೊಲ. ಅದಕ್ಕೂ ಮೊದಲು ಇಲ್ಲಿ ಶಾಂತಿ ಇತ್ತು ಅಂದುಕೊಳ್ಳಬೇಡಿ. ಚಾಲುಕ್ಯರು, ಚೋಳರು ಇದೇ ನೆಲಕ್ಕೆ ಹೊಡೆದಾಡಿದರು. ಇಬ್ಬರೂ ಶಿವನ ಗುಡಿ ಕಟ್ಟಿದವರೇ.

ರಾಯಚೂರು ಕೋಟೆಯ ಗೋಡೆಯಲ್ಲಿ ಒಂದು ಭಾರೀ ಕಲ್ಲಿದೆ, ನಲವತ್ತು ಅಡಿಗೂ ಉದ್ದ. ಅದರ ಮೇಲೆ 1294ರ ಶಾಸನ. ಕಾಕತೀಯರ ಕಾಲದ್ದು. ಅಂಥ ಬಂಡೆಯನ್ನು ಗಾಡಿಯ ಮೇಲೆ ಹೇರಿ ಎಳೆದು ತರುವ ಚಿತ್ರವನ್ನೂ ಅಲ್ಲಿ ಕೆತ್ತಿದ್ದಾರೆ. ಅದರ ಮುಂದೆ ನಿಂತರೆ ಕೋಟೆ ಅಂದರೆ ಎಷ್ಟು ಬೆವರು ಅಂತ ಗೊತ್ತಾಗುತ್ತದೆ. ಆ ಕೋಟೆ ಕಾಕತೀಯರಿಂದ ಬಹಮನಿಗಳಿಗೆ, ಅವರಿಂದ ಬಿಜಾಪುರಕ್ಕೆ, 1520ರಲ್ಲಿ ಕೃಷ್ಣದೇವರಾಯನಿಗೆ, ಮತ್ತೆ ಬಿಜಾಪುರಕ್ಕೆ ಹೋಯಿತು. 1520ರಲ್ಲಿ ರಾಯರ ಪರವಾಗಿ ಕೋವಿ ಹಿಡಿದು ನಿಂತವರಲ್ಲಿ ಪೋರ್ಚುಗೀಸ್ ಕ್ರೈಸ್ತರೂ ಇದ್ದರು. ಇದರಲ್ಲಿ ಯಾವ ಧರ್ಮದ ಯುದ್ಧ ಅಂತ ಗುರುತಿಸುವುದು?

ಗೆದ್ದ ಮೇಲೆ ಏನಾಯಿತು ಅನ್ನೋದೂ ಮುಖ್ಯ. ಒಗ್ಗಟ್ಟು ಉಳಿಯಲೇ ಇಲ್ಲ. 1574ರಲ್ಲಿ ಅಹಮದನಗರ ಬೇರಾರನ್ನು ನುಂಗಿತು. 1619ರಲ್ಲಿ ಬಿಜಾಪುರ ಬೀದರನ್ನು ನುಂಗಿತು. ಕೊನೆಗೆ ಬಿಜಾಪುರವನ್ನು 1686ರಲ್ಲಿ, ಗೋಲ್ಕೊಂಡವನ್ನು 1687ರಲ್ಲಿ ಮುಗಿಸಿದವನು ಔರಂಗಜೇಬ.

ವೆಂಕಟೇಶ, ತುಮಕೂರು:

ಮೇಷ್ಟ್ರೇ, ರಾಜರ ಲೆಕ್ಕ ಚೆನ್ನಾಗಿ ಬಿಡಿಸಿ ಹೇಳಿದಿರಿ. ಆದರೆ ಧರ್ಮವನ್ನು ತೀರಾ ಸುಲಭವಾಗಿ ಬಿಟ್ಟುಬಿಟ್ಟಿರಿ ಅನ್ನಿಸಿತು.

ಎಡೆದೊರೆ ಸಿಕ್ಕರೆ ಲಾಭ ಸುಲ್ತಾನನಿಗೆ, ರಾಯನಿಗೆ. ಸಾಯುವ ಕಾಲಾಳಿಗೆ ಏನು ಸಿಗುತ್ತದೆ? ಅವನನ್ನು ಮನೆಯಿಂದ ಹೊರಡಿಸಲು ಏನಾದರೂ ಬೇಕಲ್ಲ. 1095ರಲ್ಲಿ ಪೋಪ್ ಎರಡನೇ ಅರ್ಬನ್ ಶಿಲುಬೆ ಯುದ್ಧಕ್ಕೆ (ಕ್ರುಸೇಡ್) ಕರೆ ಕೊಟ್ಟಾಗ ಫ್ರಾನ್ಸಿನ ಬಡ ರೈತರು ಹೊಲ ಬಿಟ್ಟು ಜೆರುಸಲೇಮಿನ ದಾರಿ ಹಿಡಿದರು. ಅವರನ್ನು ಎಬ್ಬಿಸಿದ್ದು ಪಾಪ ಕಳೆಯುತ್ತದೆ ಅನ್ನುವ ಮಾತು. 1099ರಲ್ಲಿ ಊರು ಕೈಗೆ ಸಿಕ್ಕಾಗ ಒಳಗಿದ್ದ ಮುಸ್ಲಿಮರನ್ನು, ಯಹೂದಿಗಳನ್ನು ಕೊಚ್ಚಿ ಹಾಕಿದರು. ಜಮೀನಿನ ಆಸೆಯೊಂದೇ ಸಾಕಾಗಿದ್ದರೆ ಅಷ್ಟು ದೂರ, ಅಷ್ಟು ಜನ ಹೋಗುತ್ತಿದ್ದರಾ?

ಹಂಪಿಯಲ್ಲೂ ಅಷ್ಟೇ. ಎರೆಹೊಲಕ್ಕೆ ಬಂದವರು ವಿಠ್ಠಲನ ಗುಡಿಗೆ ಬೆಂಕಿ ಯಾಕೆ ಇಡಬೇಕಿತ್ತು? ರಾಮರಾಯನ ಸೈನ್ಯ ಅಹಮದನಗರದಲ್ಲಿ ಮಸೀದಿಗಳನ್ನು ಕೆಡಿಸಿತು ಅಂತ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನಲ್ಲ? ಆ ಸಿಟ್ಟಿಗೆ ಬೆಲೆಯೇ ಇಲ್ವಾ?

ಎಡೆದೊರೆ ಮೇಷ್ಟ್ರು:

ವೆಂಕಟೇಶ ಅವರೇ, ಕಾಲಾಳಿನ ಪ್ರಶ್ನೆ ಎತ್ತಿದ್ದು ಒಳ್ಳೆಯದಾಯಿತು. ನಾವು ಪಾಠ ಮಾಡುವವರು ಅವನನ್ನು ಮರೆಯುತ್ತೇವೆ.

ಧರ್ಮದ ಪಾಲನ್ನು ನಾನು ಅಲ್ಲೇ ಇಡುತ್ತೇನೆ. ಆಳು ಕೂಡಿಸುವುದರಲ್ಲಿ, ಮತ್ತು ಕೊಂದವನಿಗೆ ರಾತ್ರಿ ನಿದ್ದೆ ಬರಿಸುವುದರಲ್ಲಿ. ಇದು ಸಣ್ಣ ಪಾಲಲ್ಲ. ಜೆರುಸಲೇಮಿನಲ್ಲಿ ಸತ್ತವರ ಮುಂದೆ ನಿಂತು ಧರ್ಮದ ತಪ್ಪಿಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ. ಕತ್ತಿಗೆ ಆಶೀರ್ವಾದ ಮಾಡಿದ ಗುರುಗಳೂ ಸುಮ್ಮನೆ ಕೂತ ಗುರುಗಳೂ ಎಲ್ಲ ಧರ್ಮದಲ್ಲೂ ಇದ್ದಾರೆ. ಅವರು ಉತ್ತರ ಕೊಡಲೇಬೇಕು.

ಆದರೆ ಅದೇ ಶಿಲುಬೆ ಯುದ್ಧಗಳ ನಾಲ್ಕನೆಯದನ್ನು ನೋಡಿ. ಹಡಗಿಗೆ ಕೊಡಬೇಕಾದ ಹಣ ಹುಟ್ಟಲಿಲ್ಲ. ವೆನಿಸ್ಸಿನ ಸಾಲಕ್ಕೆ ಸಿಕ್ಕಿ 1202ರಲ್ಲಿ ಜಾರಾ ಅನ್ನುವ ತಮ್ಮದೇ ಪಂಥದ ಊರಿಗೆ ಮುತ್ತಿಗೆ ಹಾಕಿದರು. 1204ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಲೂಟಿ ಮಾಡಿದರು. ಅದೂ ಕ್ರೈಸ್ತರ ಊರೇ. ಶಿಲುಬೆ ಹೆಗಲ ಮೇಲೇ ಇತ್ತು, ದಾರಿ ತೋರಿಸಿದ್ದು ಸಾಲ.

ಗುಡಿಯ ವಿಷಯ. ವಿಠ್ಠಲನ ಗುಡಿ ಹಾಳಾಯಿತು, ನರಸಿಂಹನನ್ನು ಒಡೆದರು, ಅದು ಅನ್ಯಾಯ. ವಿರೂಪಾಕ್ಷನ ಗುಡಿ ಉಳಿಯಿತು, ಅಲ್ಲಿ ಇವತ್ತಿಗೂ ಪೂಜೆ ಇದೆ. ರಾಮರಾಯನ ತಮ್ಮ ತಿರುಮಲ ಆನೆಗಳ ಮೇಲೆ ಖಜಾನೆ ಹೇರಿಕೊಂಡು ಪೆನುಗೊಂಡೆಗೆ ಹೋದ ಮೇಲೆ ಊರಿಗೆ ಕಾವಲೇ ಇರಲಿಲ್ಲ. ಸುಲ್ತಾನರ ದಂಡು ಬರುವ ಮೊದಲೇ ಸುತ್ತಲಿನ ಲೂಟಿಕೋರರು ನುಗ್ಗಿದ್ದರು ಅಂತ ಪೋರ್ಚುಗೀಸರ ಬರಹದಲ್ಲಿದೆ. ಗೆದ್ದ ರಾಜನು ಸೋತವನ ದೇವರ ಮೇಲೆ ಕೈ ಹಾಕುವುದು ಸುಲ್ತಾನರಿಂದ ಶುರುವಾದದ್ದೂ ಅಲ್ಲ. ಕೃಷ್ಣದೇವರಾಯ ಒಡಿಶಾದ ಗಜಪತಿಯಿಂದ ಉದಯಗಿರಿ ಗೆದ್ದಾಗ ಅಲ್ಲಿನ ಬಾಲಕೃಷ್ಣನನ್ನು ತಂದು 1515ರಲ್ಲಿ ಹಂಪಿಯ ಕೃಷ್ಣ ದೇವಸ್ಥಾನದಲ್ಲಿ ಕೂರಿಸಿದ. ಒಡೆಯುವುದೂ ಭಕ್ತಿಯಿಂದ ಕೂರಿಸುವುದೂ ಒಂದೇ ಅನ್ನುವುದಿಲ್ಲ. ಆದರೆ ಎರಡರಲ್ಲೂ ಸೋತ ರಾಜನಿಗೆ ಒಂದು ಸಂದೇಶ ಇದೆ.

ಫೆರಿಷ್ತಾನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮಸೀದಿ ಕೆಡಿಸಿದ್ದು ನಿಜವಾಗಿದ್ದರೆ ಸಿಟ್ಟೂ ನಿಜವೇ. ಅವನು ಬರೆದದ್ದು ಯುದ್ಧವಾಗಿ ನಲವತ್ತು ವರ್ಷದ ಮೇಲೆ, ಬಿಜಾಪುರದ ಆಸ್ಥಾನದಲ್ಲಿ ಕೂತು, ಅನ್ನೋದನ್ನೂ ಓದುವಾಗ ನೆನಪಿಡಬೇಕು ಅಷ್ಟೇ. ಸೊಲ್ಲಾಪುರಕ್ಕಾಗಿ ಹೋದೆವು ಅಂತ ಯಾವ ಆಸ್ಥಾನವೂ ಬರೆಸುವುದಿಲ್ಲ.

ಶೈಲಾ, ಬಾಗಲಕೋಟೆ:

ಇಬ್ಬರಿಗೂ ಧನ್ಯವಾದ. ಹುಡುಗನಿಗೆ ಪೂರ್ತಿ ಓದಿ ಹೇಳಿದೆ. ಚಾಂದ್ ಬೀಬಿಯ ಮದುವೆ ವಿಷಯಕ್ಕೆ ಸುಮ್ಮನಾದ. ಆದರೆ ಕಾಲಾಳಿನ ಬಗ್ಗೆ ವೆಂಕಟೇಶ ಅವರು ಹೇಳಿದ್ದೇ ಸರಿ ಅನ್ನುತ್ತಿದ್ದಾನೆ. ಮುಂದಿನ ತಿಂಗಳು ಮತ್ತೆ ಹಂಪಿಗೆ ಹೋಗೋಣ ಅಂತ ಹಟ ಹಿಡಿದಿದ್ದಾನೆ. ಸರ್, ಈ ಸಲ ಅವನಿಗೆ ಏನು ತೋರಿಸಲಿ?

ಎಡೆದೊರೆ ಮೇಷ್ಟ್ರು:

ಅವನ ಅಭಿಪ್ರಾಯ ಅವನಿಗಿರಲಿ ಅಕ್ಕಾರೆ, ಓದುವ ಹುಡುಗ, ಬಿಡಿ. ಕಮಲಾಪುರದಿಂದ ತಳವಾರಘಟ್ಟಕ್ಕೆ ಹೋಗುವ ದಾರಿಯ ಕಡೆ ಒಂದು ಸಣ್ಣ ಮಸೀದಿ ಇದೆ, ಅದಕ್ಕೆ ಕರೆದುಕೊಂಡು ಹೋಗಿ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ಎಂಬುವನು 1439ರಲ್ಲಿ ಕಟ್ಟಿಸಿದ್ದು. ಕಂಬಗಳನ್ನು ನೋಡಿದರೆ ಯಾವುದೋ ಮಂಟಪ ಅನ್ನಿಸುತ್ತದೆ. ಇದನ್ನು ರಾಯನಿಗೆ ಪುಣ್ಯವಾಗಲಿ ಅಂತ ಮಾಡಿಸಿದೆ ಅನ್ನುತ್ತದೆ ಅಲ್ಲಿನ ಕನ್ನಡ ಶಾಸನ. ಗೈಡ್‌ಗಳು ಆ ಕಡೆ ಜನರನ್ನು ಕರೆದೊಯ್ಯುವುದು ಕಡಿಮೆ, ಮೊದಲೇ ವಿಚಾರಿಸಿಕೊಳ್ಳಿ. ಸಮಯ ಸಿಕ್ಕರೆ ವಾಪಸ್ ಬರುವಾಗ ಮುದಗಲ್ಲಿನ ಮೇಲೆ ಬನ್ನಿ. ಕೋಟೆಯ ಸುತ್ತಲಿನ ಕಂದಕದ ಅಗಲ ಅವನು ಕಣ್ಣಾರೆ ನೋಡಲಿ.