ಬಣ್ಣ ಗುಲಾಬಿಯಾದರೂ ಬಜರ್ ಸ್ವರ ಬದಲಾಗುತ್ತಿಲ್ಲ, ಎಲ್ಲಿ ತಪ್ಪಿದೆ?

ಲ್ಯಾಬ್_ಮೇಷ್ಟ್ರು:
ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಈ ವರ್ಷ ನಮ್ಮ ತರಗತಿಯಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಾಳೆ. ಟೈಟ್ರೇಷನ್ (ಬಣ್ಣ ಬದಲಾಗುವವರೆಗೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಸಿ ಅಳೆಯುವ ಪ್ರಯೋಗ) ದಿನ ಪಕ್ಕದವರು ಮಾಡುತ್ತಾರೆ, ಇವಳು ಸುಮ್ನೆ ಕೂತು ಕೇಳಿಸಿಕೊಳ್ಳುತ್ತಾಳೆ. ನನಗೆ ನೋಡಲಾಗಲಿಲ್ಲ. ಅದಕ್ಕೇ ಆರ್ಡುಯಿನೋ (ಕೋಡ್ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್), ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ರೋಧ ಬದಲಾಗುವ ಸೆನ್ಸರ್), 10 ಕಿಲೋ ಓಮ್ ರೆಸಿಸ್ಟರ್, ಬಜರ್ ಜೋಡಿಸಿ, ಗಾಜಿನ ಟ್ಯೂಬಿನ ಆಚೆ ಕೆಂಪು ಎಲ್‌ಇಡಿ, ಈಚೆ ಎಲ್‌ಡಿಆರ್ ಇಟ್ಟೆ. ಫಿನಾಲ್ಫ್ತಲೀನ್ (ಆಸಿಡ್‌ನಲ್ಲಿ ಬಣ್ಣವಿಲ್ಲದೆ, ಆಸಿಡ್ ಮುಗಿದಾಗ ಗುಲಾಬಿಯಾಗುವ ಸೂಚಕ) ಹಾಕಿದ ಆಸಿಡ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ಹನಿಸಿದರೆ ನನ್ನ ಕಣ್ಣಿಗೆ ಗುಲಾಬಿ ಚೆನ್ನಾಗಿ ಕಾಣುತ್ತದೆ, ಬಜರ್ ಮಾತ್ರ ಅದೇ ಸ್ವರದಲ್ಲಿ ಕೂಗುತ್ತದೆ. ಆರ್ಡುಯಿನೋದಲ್ಲಿ ಬೆಳಕಿನ ರೀಡಿಂಗ್ ಮೊದಲು 612, ಆಮೇಲೆ 608. ಕೋಡ್‌ನಲ್ಲಿ ರೀಡಿಂಗ್‌ನ ಇಡೀ ವ್ಯಾಪ್ತಿ 0–1023 ಅನ್ನು 200–2000 ಹರ್ಟ್ಸ್‌ಗೆ ಹೊಂದಿಸಿದ್ದೇನೆ.

ಬೆಸುಗೆ_ಕಡ್ಡಿ:
ಸರ್, ಎಲ್‌ಡಿಆರ್ ಚೆನ್ನಾಗಿದೆ, ಎಲ್‌ಇಡಿ ಬದಲಿಸಿ. ಗುಲಾಬಿ ದ್ರಾವಣ ಕೆಂಪು ಬೆಳಕನ್ನು ಹಾಗೇ ದಾಟಿಸುತ್ತದೆ, ಅದು ನುಂಗುವುದು ಹಸಿರನ್ನು, ಸುಮಾರು 550 ನ್ಯಾನೊಮೀಟರ್ ಹತ್ತಿರ. ಹಸಿರು ಎಲ್‌ಇಡಿ ಹಾಕಿದರೆ ಬಣ್ಣ ಬಂದ ತಕ್ಷಣ ಬೆಳಕು ಕಮ್ಮಿಯಾಗುತ್ತದೆ. ಮಾಮೂಲಿ ಎಲ್‌ಡಿಆರ್‌ಗೂ ಹಸಿರೇ ಚೆನ್ನಾಗಿ ತಿಳಿಯುವುದು. ಆಮೇಲೆ ಟ್ಯೂಬಿಗೆ ಕಪ್ಪು ಕಾಗದ ಸುತ್ತಿ, ಇಲ್ಲದಿದ್ದರೆ ಕಿಟಕಿ ಬೆಳಕು ಒಳಗೆ ನುಗ್ಗಿ ಎಲ್ಲ ಕೆಡಿಸುತ್ತದೆ. 1023ರ ಉದ್ದಕ್ಕೂ ಸ್ವರ ಹರಡಬೇಡಿ. ಬಣ್ಣವಿಲ್ಲದಾಗಿನ ರೀಡಿಂಗ್ ಹಿಡಿದಿಟ್ಟುಕೊಂಡು, ಅದರಿಂದ ಎಷ್ಟು ಇಳಿಯಿತು ಅನ್ನುವುದನ್ನಷ್ಟೇ ಸ್ವರವಾಗಿಸಿ.

ಬೆರಳ_ಓದು:
ನಾನೂ ಕಣ್ಣು ಕಾಣದವನು. ಹತ್ತನೇ ತರಗತಿ ಆದ ಮೇಲೆ ವಿಜ್ಞಾನ ಬೇಡ ಅಂದುಬಿಟ್ಟರು, ಆ ನೋವು ಇನ್ನೂ ಇದೆ. ಒಂದು ಮಾತು ಕೇಳುತ್ತೇನೆ, ಹನಿ ಹಾಕುವವರು ಯಾರು? ಅದೂ ಅವಳ ಕೈಯಲ್ಲೇ ಆಗಬೇಕು ಅಲ್ವಾ? ಬ್ಯೂರೆಟ್ (ಹನಿ ಹಾಕುವ, ಅಳತೆ ಗೀಟುಗಳ ಗಾಜಿನ ಕೊಳವೆ) ಬದಲು 10 ಮಿಲಿ ಸಿರಿಂಜ್ ಕೊಡಿ, ಒಳಗಿನ ದಂಡದ ಅಂಚಿಗೆ ಮಿಲಿಗೊಂದರಂತೆ ಅರದಿಂದ ಕಚ್ಚು ಹಾಕಿ. ಉಗುರು ಅಲ್ಲಿ ತಡೆದು ನಿಲ್ಲುತ್ತದೆ, ಅಷ್ಟು ಸಾಕು. ಉಳಿದದ್ದು ಹನಿ ಎಣಿಕೆ. ಕೈಗವಸು, ಕನ್ನಡಕ ಅವಳಿಗೂ ಇರಲಿ. ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಬಣ್ಣದ ಬದಲು ವಾಸನೆಯಿಂದ ಗುರುತಿಸುವ ಈರುಳ್ಳಿ ಪ್ರಯೋಗ ಇದೆ, ಈರುಳ್ಳಿ ಜತೆ ಇಟ್ಟ ಬಟ್ಟೆಯ ಮೇಲೆ ಪ್ರತ್ಯಾಮ್ಲ ಹನಿಸಿ, ನೀರಲ್ಲಿ ತೊಳೆದು ಮೂಸಿದರೆ ವಾಸನೆ ಹೋಗಿರುತ್ತದೆ. ಆಸಿಡ್ ಹಾಕಿದ್ದರೆ ಹಾಗೇ ಇರುತ್ತದೆ. ಮೊದಲು ಇದನ್ನು ಇಡೀ ತರಗತಿಗೇ ಮಾಡಿಸಿ.

ಲ್ಯಾಬ್_ಮೇಷ್ಟ್ರು:
ಹಸಿರು ಹಾಕಿದೆ, ಕಾಗದ ಸುತ್ತಿದೆ. 588ರಿಂದ 431ಕ್ಕೆ ಇಳಿಯಿತು, ಸ್ವರ ಸ್ಪಷ್ಟವಾಗಿ ಕುಸಿಯುತ್ತದೆ! ನಿನ್ನೆ ಅವಳೇ ಸಿರಿಂಜ್ ಹಿಡಿದಳು. ಮೊದಲ ಸಲ ಹನಿ ಜಾಸ್ತಿ ಬಿತ್ತು. ಎರಡನೇ ಸಲ ನಡುವೆಯೇ ಕೈ ನಿಲ್ಲಿಸಿ, "ಸರ್, ಸ್ವರ ಒಮ್ಮೆ ಇಳಿದು ಮತ್ತೆ ಏರ್ತಿದೆ, ಹತ್ತಿರ ಬಂತು" ಅಂದಳು. ಹನಿ ಬಿದ್ದ ಕಡೆ ಗುಲಾಬಿ ಮೂಡಿ, ಕಲಕಿದಾಗ ಮಾಯವಾಗುವುದನ್ನು ನಾವು ಕಣ್ಣಲ್ಲಿ ನೋಡುತ್ತೇವಲ್ಲ, ಅದೇ ಅವಳಿಗೆ ಕಿವಿಯಲ್ಲಿ ಸಿಕ್ಕಿತ್ತು. ಮುಂದಿನ ವಾರ ಮೀಥೈಲ್ ಆರೆಂಜ್ ಅನ್ನುವ ಇನ್ನೊಂದು ಸೂಚಕ. ಅದಕ್ಕೂ ಹಸಿರೇ ಸಾಕಾ?

ಬೆಸುಗೆ_ಕಡ್ಡಿ:
ಸಾಕು. ಆಸಿಡ್‌ನಲ್ಲಿ ಅದು ಕೆಂಪು, ಆಗ ಹಸಿರನ್ನು ನುಂಗುತ್ತದೆ. ಹಳದಿಯಾದಾಗ ಬಿಟ್ಟುಕೊಡುತ್ತದೆ. ಹಾಗಾಗಿ ಈ ಸಲ ಸ್ವರ ಇಳಿಯುವುದಿಲ್ಲ, ಏರುತ್ತದೆ. ಅವಳಿಗೆ ಮೊದಲೇ ಹೇಳಿಬಿಡಿ.